ಇದಿರಿಲ್ಲದ ಮಾತಿನ ತರಬೇತಿ

ಪುತ್ತೂರು, ಸುಳ್ಯ, ಕಡಬದ ಆಸುಪಾಸಿನಲ್ಲಿ ದೊಡ್ಡವರಿಗೆಂದು ನಡೆಯುವ ತರಬೇತಿ ಶಿಬಿರಗಳಲ್ಲಿ ‘ಪರಿಣಾಮಕಾರಿ ಭಾಷಣ ಕಲೆ’ ಎಂಬ ಅವಧಿ ಹೆಚ್ಚುಕಡಿಮೆ ಕಾಯಂ ಆಗಿಬಿಟ್ಟಿದೆ. ಜೇಸಿ ಸಂಸ್ಥೆಯವರು ಇದನ್ನು ಬಹಳ ಕಾಲದಿಂದ ನಡೆಸುತ್ತ ಬಂದಿದ್ದಾರೆ. ಈಗ ಸ್ವಸಹಾಯ ಸಂಘಗಳ ಒಕ್ಕೂಟ, ಸಹಕಾರಿ ಸಂಘಗಳೂ ನಡೆಸುತ್ತವೆ. ಬಂದು ಕೂರುವವರು ಮಕ್ಕಳಲ್ಲ. ಮೊದಲ ಸಲ ಪಂಚಾಯತಿಗೆ ಆರಿಸಿ ಬಂದ ಸದಸ್ಯೆ, ಹಾಲಿನ ಸೊಸೈಟಿಯ ನಿರ್ದೇಶಕ, ಒಕ್ಕೂಟದ ಅಧ್ಯಕ್ಷೆ, ಧನ್ಯವಾದ ಸಮರ್ಪಣೆಗೆ ತನ್ನ ಹೆಸರು ಬಂದೀತೆಂದು ಹಿಂದಿನ ಸಾಲಿನಲ್ಲಿ ಅಡಗುವ ಮೇಷ್ಟ್ರು. ಇವರಿಗೆ ಅಲ್ಲಿ ಸಿಗುವ ಮೊದಲ ಸಮಾಧಾನ ಬಹುತೇಕ ಒಂದೇ: ನಿಮಗೆ ವಿಷಯ ಗೊತ್ತಿದೆ, ಇಲ್ಲದಿರುವುದು ಧೈರ್ಯ ಮಾತ್ರ. ತರಬೇತಿಯ ಉಳಿದ ಭಾಗವೆಲ್ಲ ಈ ಮಾತಿನ ಮೇಲೆ ನಿಂತಿದೆ. ಇದು ಕೇಳಲು ಹಿತ, ಆದರೆ ಸರಿಯಲ್ಲ. ಬೆಳೆದ ಮನುಷ್ಯ ಸಭೆಯಲ್ಲಿ ಬಾಯಿ ಬಿಡದಿರುವುದಕ್ಕೆ ಧೈರ್ಯದ ಕೊರತೆಯನ್ನು ಕಾರಣ ಮಾಡಿದರೆ ನಿಜವಾದ ಕೊರತೆ ಹಾಗೆಯೇ ಉಳಿದುಬಿಡುತ್ತದೆ.

ಮೊದಲು ಆ ಕಡೆಯ ವಾದವನ್ನು ನ್ಯಾಯವಾಗಿ ಹೇಳಬೇಕು. ಅದಕ್ಕೆ ಮೂರು ಮೆಟ್ಟಿಲುಗಳಿವೆ. ಒಂದು, ಸಭಾಕಂಪನವೇ ಮೂಲ ರೋಗ. ಅದು ಹೋದರೆ ಮಾತು ತಾನಾಗಿ ಬರುತ್ತದೆ. ಎರಡು, ಕೇಳುವವರ ಮೇಲೆ ಆಗುವ ಪರಿಣಾಮದಲ್ಲಿ ಪದಗಳ ಪಾಲು ಶೇ. 7 ಮಾತ್ರ, ಶೇ. 38 ದನಿಯದ್ದು, ಶೇ. 55 ಹಾವಭಾವದ್ದು. ಮೂರು, ಆದ್ದರಿಂದ ನಿಲ್ಲುವ ಭಂಗಿ, ಸಭೆಯ ಕಣ್ಣಲ್ಲಿ ಕಣ್ಣಿಡುವುದು, ಕೈಯ ಚಲನೆ, ದನಿಯ ಏರಿಳಿತ ಇವನ್ನು ಮೊದಲು ಕಲಿಯಬೇಕು. ವಿಷಯವನ್ನು ಆಮೇಲೆ ಸೇರಿಸಿಕೊಳ್ಳಬಹುದು. ಈ ಕ್ರಮದಿಂದ ಲಾಭವೇ ಇಲ್ಲವೆಂದರೆ ಸುಳ್ಳಾಗುತ್ತದೆ. ಜೀವಮಾನದಲ್ಲಿ ಮೈಕು ಮುಟ್ಟದವರನ್ನು ಎಬ್ಬಿಸಿ ನಿಲ್ಲಿಸಿ, ಹೆಸರು ಊರು ಹೇಳಿಸಿ, ಚಪ್ಪಾಳೆ ಹೊಡೆಸಿ ಕೂರಿಸುವುದು ಸಣ್ಣ ಕೆಲಸವಲ್ಲ. 2010ರ ತಿದ್ದುಪಡಿಯಿಂದ ಕರ್ನಾಟಕದ ಪಂಚಾಯತುಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಾಯಿತು. ಮನೆಯಂಗಳದ ಹೊರಗೆ ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಎಷ್ಟೋ ಮಂದಿ ಹೀಗೆ ಏಕಾಏಕಿ ಸಭೆಯ ಮುಂದೆ ಬಂದರು. ಅವರಿಗೆ ಎದ್ದು ನಿಲ್ಲುವುದೇ ಮೊದಲ ಗೆಲುವು. ಪ್ರಶ್ನೆ ಇರುವುದು ಎದ್ದು ನಿಂತ ಮೇಲಿನದ್ದು.

ಎರಡನೆಯ ಮೆಟ್ಟಿಲಿನಿಂದ ಶುರುಮಾಡುತ್ತೇನೆ, ಏಕೆಂದರೆ ಅದರಲ್ಲಿ ಅಂಕಿಗಳಿವೆ, ಅಂಕಿಗಳಿರುವುದರಿಂದ ಅದನ್ನು ಯಾರೂ ಅನುಮಾನಿಸುವುದಿಲ್ಲ. ಅವು ಬಂದದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರಾಬಿಯನ್ ಮತ್ತು ಸಂಗಡಿಗರು 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ. ಒಂದರಲ್ಲಿ ಬಿಡಿ ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಓದಿ ಕೇಳಿಸಿದರು. ಇನ್ನೊಂದರಲ್ಲಿ ‘ಇರಬಹುದು’ ಎಂಬರ್ಥದ ಒಂದೇ ಪದವನ್ನು ಮೂರು ಬಗೆಯ ದನಿಯಲ್ಲಿ ಕೇಳಿಸಿ, ಜತೆಗೆ ಮುಖದ ಫೋಟೋ ತೋರಿಸಿದರು. ಹೇಳಿದವರಿಗೆ ಕೇಳುವವರ ಮೇಲೆ ಒಲವಿದೆಯೋ ಇಲ್ಲವೋ ಎಂದು ಊಹಿಸುವುದು ಕೇಳುಗರ ಕೆಲಸ. ಪದ ಒಂದು ಹೇಳಿ ದನಿ ಇನ್ನೊಂದು ಹೇಳಿದಾಗ ಜನ ದನಿಯನ್ನೂ ಮುಖವನ್ನೂ ನಂಬುತ್ತಾರೆ ಎಂಬುದು ಅಲ್ಲಿ ಕಂಡದ್ದು. ಮುನಿಸಿಕೊಂಡವರು ‘ನನಗೇನೂ ಇಲ್ಲಪ್ಪ’ ಅಂದರೆ ನಾವು ಮಾತನ್ನು ಬಿಟ್ಟು ಮುಖ ನೋಡುವುದಿಲ್ಲವೆ, ಅಷ್ಟೇ. ವಾಕ್ಯವಿಲ್ಲ, ವಿಷಯವಿಲ್ಲ, ವಾದವಂತೂ ಇಲ್ಲವೇ ಇಲ್ಲ. ಆ ಶೇ. 55 ಕೂಡ ಮುಖದ ಚಿತ್ರದ್ದೇ ಹೊರತು ವೇದಿಕೆಯ ಮೇಲೆ ಓಡಾಡುವ ಮೈಯದ್ದಲ್ಲ. ಭಾವನೆ, ಒಲವುಗಳನ್ನು ಬಿಟ್ಟು ಬೇರೆ ಮಾತಿಗೆ ಈ ಸೂತ್ರ ಹೊಂದುವುದಿಲ್ಲವೆಂದು ಮೆಹ್ರಾಬಿಯನ್ ಅವರೇ ಸ್ಪಷ್ಟವಾಗಿ ಹೇಳಿದ್ದಾರೆ. ಪದಗಳ ಪಾಲು ನಿಜಕ್ಕೂ ಶೇ. 7 ಆಗಿದ್ದರೆ, ಅರ್ಥವಾಗದ ಭಾಷೆಯ ಭಾಷಣವನ್ನು ನೋಡಿಯೇ ನೂರರಲ್ಲಿ ತೊಂಬತ್ತಮೂರು ಪಾಲು ತಿಳಿದುಕೊಳ್ಳಬೇಕಿತ್ತು. ಈ ಲೆಕ್ಕವನ್ನು ಹೇಳುವ ತರಬೇತುದಾರರೂ ಅದನ್ನು ಪದಗಳಲ್ಲೇ ಹೇಳಬೇಕಾಗುತ್ತದೆ!

ಅಮೆರಿಕದ ಪ್ರಯೋಗಾಲಯ ದೂರವಾಯಿತು ಎನ್ನುವವರಿಗೆ ಊರಿನದೇ ಸಾಕ್ಷ್ಯವಿದೆ. ಈ ಮೂರು ತಾಲೂಕುಗಳಲ್ಲಿ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಕೂತಲ್ಲೇ ಅರ್ಥ ಹೇಳುತ್ತಾರೆ. ಸಭೆಯ ಕಣ್ಣಲ್ಲಿ ಕಣ್ಣಿಡುವ ಪಾಠಕ್ಕೆ ಅಲ್ಲಿ ಜಾಗವೇ ಇಲ್ಲ. ಅರ್ಥಧಾರಿ ನೋಡುವುದು ಇದಿರು ಕೂತವರನ್ನು. ಹಾಗಿದ್ದೂ ಜನ ರಾತ್ರಿ ಕಳೆಯುವ ತನಕ ಕೂತು ಕೇಳಿದ್ದಾರೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಕೇಳಿದ ಪ್ರಶ್ನೆಗಳ ಬಗ್ಗೆ ಮರುದಿನ ಅಡಿಕೆ ಸುಲಿಯುವಲ್ಲಿ ಚರ್ಚೆ ಮಾಡಿದ್ದಾರೆ. 1976ರಲ್ಲಿ ಮಂಗಳೂರು ಆಕಾಶವಾಣಿ ಬಂದ ಮೇಲೆ ತಾಳಮದ್ದಳೆ ರೇಡಿಯೋಕ್ಕೆ ಹೋಯಿತು, ಮುಂದೆ ಕ್ಯಾಸೆಟ್ಟಿಗೂ ಹೋಯಿತು. ಅಲ್ಲಿ ಹಾವಭಾವದ ಪಾಲು ಸೊನ್ನೆ. ಮೈಯನ್ನು ಪೂರ್ತಿ ತೆಗೆದುಹಾಕಿದರೂ ಮಾತಿನ ಹಿಡಿತ ಉಳಿದಿತ್ತೆಂದ ಮೇಲೆ, ಮಾತಿನ ಅರ್ಧಕ್ಕಿಂತ ಹೆಚ್ಚು ಬಲ ಮೈಯಲ್ಲಿದೆ ಎಂಬ ಲೆಕ್ಕವನ್ನು ಯಾರು ಒಪ್ಪಬೇಕು?

ಮೈ ಹೋದರೂ ದನಿ ಉಳಿದಿತ್ತಲ್ಲ, ಶೇಣಿಯವರದ್ದು ಸಾಮಾನ್ಯ ದನಿಯೇ ಎಂದು ಕೇಳಬಹುದು. ಆಕ್ಷೇಪ ಸರಿಯಾದದ್ದು. ದನಿಗೆ ಬಲವಿದೆ. ಆದರೆ ಆ ದನಿ ಎಲ್ಲಿ ಏರಬೇಕು, ಎಲ್ಲಿ ತಗ್ಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ವಾದದ ತಿರುವು. ಆಕ್ಷೇಪವನ್ನು ಮುಂದಿಡುವಾಗ ಒಂದು ಲಯ, ಅದನ್ನು ಒಡೆಯುವಾಗ ಇನ್ನೊಂದು. ತಿರುವಿಲ್ಲದ ಮಾತಿಗೆ ಹೊರಗಿನಿಂದ ಏರಿಳಿತ ಅಂಟಿಸಿದರೆ ಏನಾಗುತ್ತದೆಂದು ನೋಡಲು ನಮ್ಮ ಕಾರ್ಯಕ್ರಮ ನಿರೂಪಣೆಗಳನ್ನು ಕೇಳಿದರೆ ಸಾಕು. ಅತಿಥಿಯ ಹೆಸರಿಗೂ ಉಪಾಹಾರದ ಸೂಚನೆಗೂ ಒಂದೇ ಗಾಂಭೀರ್ಯ. ದನಿ ಜೋರಿಲ್ಲದೆಯೂ ಜನರನ್ನು ಹಿಡಿದಿಟ್ಟವರಿದ್ದಾರೆ. ಸುಳ್ಯ ಸೀಮೆಯ ಚೊಕ್ಕಾಡಿಯಲ್ಲಿ ಕೃಷಿ ಮಾಡಿಕೊಂಡಿದ್ದ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರು ಹೆಸರಾದದ್ದು ಆರ್ಭಟದಿಂದಲ್ಲ, ಹದವಾದ ಸಂವಾದದಿಂದ. 1934ರ ಹರಿಜನ ಪ್ರವಾಸದಲ್ಲಿ ಪುತ್ತೂರಿಗೂ ಬಂದಿದ್ದ ಗಾಂಧೀಜಿ, ಬ್ಯಾರಿಸ್ಟರಾಗಿ ಮರಳಿದ ಹೊಸತರಲ್ಲಿ ಬೊಂಬಾಯಿಯ ಕೋರ್ಟಿನಲ್ಲಿ ಸಾಕ್ಷಿಗೆ ಒಂದು ಪ್ರಶ್ನೆಯನ್ನೂ ಕೇಳಲಾಗದೆ ಕೂತವರು. ಅವರು ಮುಂದೆಯೂ ವಾಗ್ಮಿಯಾಗಲಿಲ್ಲ. ತಗ್ಗಿದ ದನಿಯಲ್ಲೇ ಕೊನೆಯವರೆಗೆ ಮಾತಾಡಿದರು. ತನ್ನ ಹಿಂಜರಿಕೆಯೇ ಪದಗಳನ್ನು ಅಳೆದು ಬಳಸಲು ಕಲಿಸಿತೆಂದು ಆತ್ಮಕಥೆಯಲ್ಲಿ ಬರೆದುಕೊಂಡರು.

ಇನ್ನು ಮೊದಲನೆಯ ಮೆಟ್ಟಿಲು, ಧೈರ್ಯ. ಇದನ್ನು ಪರೀಕ್ಷಿಸಲು ನಮ್ಮ ಮೂರು ತಾಲೂಕುಗಳಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇಲ್ಲಿ ಮನೆಮಾತು ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಟಿ, ಮಲಯಾಳ ಹೀಗೆ ಹತ್ತು ತರ. ಸಭೆಯ ಮಾತು ಮಾತ್ರ ಶಾಲೆಯಲ್ಲಿ ಕಲಿತ ಕನ್ನಡ. ಜಾಗದ ಗಡಿಯ ಪಂಚಾತಿಕೆಯಲ್ಲಿ ಅರೆಭಾಷೆಯಲ್ಲಿ ಒಂದು ಗಂಟೆ ಪಾಯಿಂಟಿಗೆ ಪಾಯಿಂಟು ಕೊಟ್ಟು ವಾದಿಸುವ ಮನುಷ್ಯ ಗ್ರಾಮಸಭೆಯಲ್ಲಿ ಬಾಯಿ ಬಿಡುವುದಿಲ್ಲ. ಸಭೆ ದೊಡ್ಡದಾದ್ದರಿಂದ ಹೆದರಿಕೆ ಎನ್ನೋಣವೆಂದರೆ ದೈವಸ್ಥಾನದ ಜೀರ್ಣೋದ್ಧಾರದ ಸಭೆಯಲ್ಲಿ, ಅದೇ ಊರವರ ಮುಂದೆ, ಅಷ್ಟೇ ಜನ ಸೇರಿದಲ್ಲಿ, ತುಳುವಿನಲ್ಲಿ ಖರ್ಚಿನ ಲೆಕ್ಕವನ್ನು ಜಾಲಾಡಿಬಿಡುತ್ತಾನೆ. ಮನುಷ್ಯ ಅದೇ, ಎದೆಯೂ ಅದೇ, ಇದಿರಿರುವ ಮುಖಗಳೂ ಅವೇ. ಧೈರ್ಯವೆಂಬುದು ಆತನಲ್ಲಿ ಇಲ್ಲದ ಗುಣವಾಗಿದ್ದರೆ ಎರಡೂ ಕಡೆ ಇಲ್ಲದಿರಬೇಕಿತ್ತು. ಹಾಗಾದರೆ ಬದಲಾದದ್ದು ಏನು? ಭಾಷೆ ಬದಲಾಯಿತು, ಸರಿ. ಅದಕ್ಕಿಂತ ಮುಖ್ಯವಾಗಿ, ಪಂಚಾತಿಕೆಯಲ್ಲಿ ಆತನಿಗೆ ಉತ್ತರಿಸಬೇಕಾದ ಒಂದು ಮಾತು ಇದಿರಿಗಿತ್ತು, ಲೆಕ್ಕ ಕೈಯಲ್ಲಿತ್ತು, ತನ್ನ ಮಾತಿನಿಂದ ಏನೋ ತೀರ್ಮಾನವಾಗುತ್ತದೆಂದು ಗೊತ್ತಿತ್ತು. ಗ್ರಾಮಸಭೆಯಲ್ಲಿ ‘ನಾಲ್ಕು ಮಾತಾಡಿ’ ಎಂದು ಮೈಕು ಕೊಟ್ಟಾಗ ಈ ಮೂರೂ ಇರುವುದಿಲ್ಲ. ಏನು ಹೇಳಬೇಕೆಂದೇ ತಿಳಿಯದೆ ನಡುಗುವವನ ನಡುಕ ರೋಗವಲ್ಲ, ತಕ್ಕ ಕಾರಣವಿರುವ ನಡುಕ. ‘ನಿಮಗೆ ವಿಷಯ ಗೊತ್ತಿದೆ’ ಎಂದು ಬೆನ್ನು ತಟ್ಟುವಾಗ ನಾವು ಮರೆಯುವುದು ಇದನ್ನೇ: ತೋಟದ ಬಗ್ಗೆ ಗೊತ್ತಿರುವುದು ಬೇರೆ, ಕೇಳುವವನ ಇಂಥ ಪ್ರಶ್ನೆಗೆ ಇಂಥ ಉತ್ತರ ಎಂದು ಅದನ್ನು ಜೋಡಿಸಿಟ್ಟುಕೊಂಡಿರುವುದು ಬೇರೆ.

ವಿಷಯ ಜೋಡಿಸಿಕೊಂಡವರಿಗೂ ಬಾಯಿ ಒಣಗುತ್ತದೆ, ಮೊಣಕಾಲು ಅದುರುತ್ತದೆ, ಅದಕ್ಕೇನು ಹೇಳುತ್ತೀರಿ ಎಂಬ ಪ್ರಶ್ನೆ ಬರಬೇಕಾದದ್ದೇ. ಹೌದು, ಮೈಯ ಹೆದರಿಕೆ ನಿಜ. ಎದೆಬಡಿತ ಹೆಚ್ಚು ಏರುವುದು ಕಾಯುವಾಗ ಮತ್ತು ಮೊದಲ ಕೆಲವು ಕ್ಷಣಗಳಲ್ಲಿ. ಮಾತು ಸಾಗಿದಂತೆ ಅದು ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ ಮೊದಲ ಎರಡು ವಾಕ್ಯಗಳನ್ನು ಗಟ್ಟಿ ಮಾಡಿಕೊಂಡು ಹೋದವರು ಬದುಕುತ್ತಾರೆ. ಸ್ಯಾವಿಟ್‌ಸ್ಕಿ ಮತ್ತು ಗಿಲೊವಿಚ್ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಪ್ರಸ್ತುತ. ಮಾತಾಡುವವರು ತಮ್ಮ ಅಳುಕು ಎಲ್ಲರಿಗೂ ಕಾಣುತ್ತಿದೆಯೆಂದು ಭಾವಿಸುತ್ತಾರೆ, ಆದರೆ ನೋಡುವವರಿಗೆ ಅಷ್ಟು ಕಾಣುವುದಿಲ್ಲ. ಈ ಸಂಗತಿಯನ್ನು ಮೊದಲೇ ತಿಳಿಸಿ ಮಾತಿಗೆ ಬಿಟ್ಟವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು; ಹಾಗೆಂದು ಅವರಿಗೂ ಅನಿಸಿತು, ಕೇಳಿದವರಿಗೂ ಅನಿಸಿತು. ಗಮನಿಸಿ, ಅವರಿಗೆ ಕೆಲಸಕ್ಕೆ ಬಂದದ್ದು ಒಂದು ತಿಳಿವಳಿಕೆ. ಹೆದರಬೇಡ ಎಂಬ ಉಪದೇಶವಲ್ಲ.

ಹಾಗಾದರೆ ಬೆಳೆದವರು ಮಾತು ಕಲಿಯುವುದು ಹೇಗೆ? ತಾಳಮದ್ದಳೆಯನ್ನು ಮತ್ತೆ ನೋಡಬೇಕು. ಈ ಸಲ ಕಲೆಯಾಗಿ ಅಲ್ಲ, ಕಲಿಕೆಯ ವ್ಯವಸ್ಥೆಯಾಗಿ. ಅಲ್ಲಿ ಅರ್ಥ ಹೇಳುತ್ತ ಬಂದವರಲ್ಲಿ ಕೃಷಿಕರು, ಮೇಷ್ಟ್ರುಗಳು, ಅಂಗಡಿ ಇಟ್ಟವರು, ಬ್ಯಾಂಕಿನವರು ಬೇಕಾದಷ್ಟು ಇದ್ದಾರೆ. ಸಂಘದ ವಾರದ ಕೂಟದಲ್ಲಿ ಹೊಸಬರಿಗೆ ಮೊದಲು ಸಿಗುವುದು ದೂತನ ಅರ್ಥ. ಎರಡು ಪದ್ಯ, ಹತ್ತು ವಾಕ್ಯ. ಏನು ಹೇಳಬೇಕೆಂಬುದನ್ನು ಪದ್ಯ ಕಟ್ಟಿಕೊಟ್ಟಿದೆ. ಹೇಗೆ ಹೇಳಬೇಕೆಂಬುದು ಮಾತ್ರ ಅವರ ಪಾಲಿನದು. ತಪ್ಪಿದರೆ ಇದಿರಿನ ಹಿರಿಯ ಅರ್ಥಧಾರಿ ಒಂದು ಪ್ರಶ್ನೆ ಹಾಕಿ ದಾರಿಗೆ ತರುತ್ತಾರೆ. ಮುಂದಿನ ವಾರ ಮತ್ತೆ ಕೂಟ ಇದ್ದೇ ಇದೆ. ‘ಕೃಷ್ಣಸಂಧಾನ’ದಲ್ಲಿ ಕೌರವನಾದವನ ಕಷ್ಟ ನೋಡಿ. ಐದು ಗ್ರಾಮ ಕೊಡು ಎಂಬುದು ಎಲ್ಲರಿಗೂ ನ್ಯಾಯವೆಂದು ತೋರುವ ಬೇಡಿಕೆ, ಕೇಳುವವನು ಕೃಷ್ಣ, ಸಭೆಯ ಒಲವು ಪೂರ್ತಿ ಆ ಕಡೆಗೆ. ಕೊಡುವುದಿಲ್ಲ ಎಂಬುದಕ್ಕೆ ಕೌರವ ಕಾರಣ ಕೊಡಬೇಕು. ಜೂಜಿನಲ್ಲಿ ಒಪ್ಪಿ ಸೋತದ್ದಲ್ಲವೆ? ಅಜ್ಞಾತವಾಸದ ಅವಧಿ ಮುಗಿಯಿತೆಂದು ಯಾರ ಲೆಕ್ಕ? ಸಂಧಾನಕ್ಕೆ ಬಂದವನು ಒಂದು ಪಕ್ಷದ ನೆಂಟನಾದರೆ ಅದು ಸಂಧಾನವೆ? ಕೃಷ್ಣನಾದವನು ಇಷ್ಟಕ್ಕೂ ಅಲ್ಲೇ ಉತ್ತರ ಹುಡುಕಬೇಕು, ಬರೆದುಕೊಂಡು ಬಂದದ್ದು ಉಪಯೋಗಕ್ಕೆ ಬರುವುದಿಲ್ಲ. ಇಂಥ ಕೂಟಗಳಲ್ಲಿ ಮಳೆಗಾಲ ಕಳೆದವರು ಸಭಾಕಂಪನದ ಬಗ್ಗೆ ಯೋಚಿಸಲು ಪುರುಸೊತ್ತಿಲ್ಲದವರು. ಅವರ ಗಮನ ಪೂರ್ತಿ ಇದಿರಿನವನ ಮಾತಿನ ಮೇಲಿರುತ್ತದೆ. ಮನೆಯಲ್ಲಿ ತುಳು ಮಾತಾಡುವ ಎಷ್ಟೋ ಮಂದಿಗೆ ಸಭೆಯ ಕನ್ನಡ ನಾಲಗೆಗೆ ಹತ್ತಿದ್ದೂ ಇದೇ ದಾರಿಯಲ್ಲಿ.

ಇದಕ್ಕೆ ಬರುವ ಗಟ್ಟಿ ಆಕ್ಷೇಪಗಳನ್ನು ಬದಿಗೆ ಸರಿಸುವಂತಿಲ್ಲ. ತಾಳಮದ್ದಳೆಯವರಿಗೆ ಅದು ಚಿಕ್ಕಂದಿನಿಂದ ಕಿವಿಗೆ ಬಿದ್ದ ಮಾತು. ಬಹುಕಾಲ ಕೆಲವೇ ಜಾತಿಗಳ ಗಂಡಸರ ಜಗಲಿಯಲ್ಲಿ ಬೆಳೆದದ್ದು. ನಲವತ್ತು ವಯಸ್ಸಿನ ಪಂಚಾಯತು ಸದಸ್ಯೆಗೆ ಅದರಿಂದ ಏನು ಪ್ರಯೋಜನ ಎನ್ನಬಹುದು. ಇದರ ಮೊದಲರ್ಧ ನಿಜವೇ. ಆದರೆ ಆ ಬೇಲಿ ಕಲಿಕೆಯ ವಿಧಾನದ್ದಲ್ಲ, ಕೂರಲು ಬಿಡದವರದ್ದು. ಕೂರಲು ಜಾಗ ಸಿಕ್ಕಿದವರು ಕಲಿತಿದ್ದಾರೆ. ಸಂಪಾಜೆಯ ಜಬ್ಬಾರ್ ಸಮೊ ಇಂದು ಕರಾವಳಿಯ ಹೆಸರಾಂತ ಅರ್ಥಧಾರಿಗಳಲ್ಲಿ ಒಬ್ಬರು. ಪುತ್ತೂರು ಬೊಳುವಾರಿನ ಆಂಜನೇಯ ಮಹಿಳಾ ಯಕ್ಷಗಾನ ಸಂಘದಂಥ ತಂಡಗಳಲ್ಲಿ ಹೆಂಗಸರೇ ಅರ್ಥ ಹೇಳುತ್ತಾರೆ. ಇನ್ನೊಂದು ಆಕ್ಷೇಪವನ್ನು ನಾನೇ ಮುಂದಿಡುತ್ತೇನೆ, ಅದು ಇದಕ್ಕಿಂತ ಗಂಭೀರವಾದದ್ದು. ತಾಳಮದ್ದಳೆ ಮಾತಿನ ದುರಭ್ಯಾಸಗಳನ್ನೂ ಕಲಿಸುತ್ತದೆ. ಹತ್ತು ನಿಮಿಷದ್ದನ್ನು ಮುಕ್ಕಾಲು ಗಂಟೆ ಎಳೆಯುವುದು, ಇದಿರಿನವನನ್ನು ಸಿಕ್ಕಿಸುವ ಚಮತ್ಕಾರಕ್ಕೆ ಚಪ್ಪಾಳೆ ಬಯಸುವುದು, ಗೆಲುವಿಗಾಗಿ ವಿಷಯವನ್ನು ತಿರುಚುವುದು. ಒಳ್ಳೆಯ ಅರ್ಥಧಾರಿಯಾದವನು ಸನ್ಮಾನ ಸಭೆಯ ಮೈಕು ಹಿಡಿದಾಗ ಊಟದ ಹೊತ್ತು ಮೀರುವುದನ್ನು ಕಂಡವರು ಈ ಮಾತನ್ನು ಬಲವಾಗಿಯೇ ಹೇಳಿಯಾರು. ಆದ್ದರಿಂದ ಎಲ್ಲರೂ ತಾಳಮದ್ದಳೆ ಕಲಿಯಲಿ ಎಂಬುದು ನನ್ನ ವಾದವಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಮೂರು: 1. ಮಾತಾಡುವವನಿಗೆ ವಿಷಯದ ಅಳತೆ ಮೊದಲೇ ಗೊತ್ತಿರುವುದು. 2. ಮಾತಿಗೆ ಇದಿರು ಇರುವುದು. 3. ಮತ್ತೆ ಮತ್ತೆ, ಅದೇ ಜನರ ನಡುವೆ, ಕೂತು ಆಡುವ ಅವಕಾಶ ಇರುವುದು. ಇಂದಿನ ಎರಡು ದಿನದ ಶಿಬಿರದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ‘ನನ್ನ ಕನಸಿನ ಭಾರತ’ದ ಮೇಲೆ ಎರಡು ನಿಮಿಷ ಮಾತಾಡಿಸುತ್ತಾರೆ, ಯಾರೂ ಏನೂ ಕೇಳುವುದಿಲ್ಲ, ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ.

ಬೇರೆ ತರದ ತರಬೇತಿ ಹೇಗಿರಬಹುದೆಂದು ಒಂದು ಉದಾಹರಣೆಯಲ್ಲಿ ತೋರಿಸುತ್ತೇನೆ. ಸಂಪಾಜೆ, ಅರಂತೋಡು ಕಡೆಯ ಅಡಿಕೆ ತೋಟಗಳನ್ನು ಹಳದಿ ರೋಗ ಹಿಡಿದು ವರ್ಷಗಳಾದವು. ಅದಕ್ಕೆ ಮದ್ದಿಲ್ಲ. ಆ ಊರಿನ ಸದಸ್ಯನೊಬ್ಬ ಸೊಸೈಟಿಯ ಮಹಾಸಭೆಯಲ್ಲಿ ಸಾಲದ ಕಂತಿನ ಬಗ್ಗೆ ಮಾತಾಡಬೇಕಾಗಿದೆ ಎಂದಿಟ್ಟುಕೊಳ್ಳಿ. ಈಗಿನ ತರಬೇತಿ ಅವನನ್ನು ನೆಟ್ಟಗೆ ನಿಲ್ಲಿಸುತ್ತದೆ, ವೇದಿಕೆಯಲ್ಲಿರುವವರ ಹೆಸರುಗಳನ್ನು ಕ್ರಮವಾಗಿ ಹೇಳಿಸುತ್ತದೆ, ರೈತ ದೇಶದ ಬೆನ್ನೆಲುಬು ಎಂದು ಶುರುಮಾಡಿಸುತ್ತದೆ. ಬೆನ್ನೆಲುಬಿನ ಮಾತಿಗೆ ಚಪ್ಪಾಳೆ ಬೀಳುತ್ತದೆ, ಕಂತು ಹಾಗೆಯೇ ಇರುತ್ತದೆ. ಅವನು ತರಬೇಕಾದದ್ದು ಇಷ್ಟು: ಸಾಲ ಪಡೆದಾಗ ಎಷ್ಟು ಕ್ವಿಂಟಾಲು ಅಡಿಕೆ ಆಗುತ್ತಿತ್ತು, ಈಗ ಎಷ್ಟು, ಕಂತನ್ನು ಯಾವ ಫಸಲಿನ ಲೆಕ್ಕದಲ್ಲಿ ನಿಗದಿ ಮಾಡಿದ್ದು, ಅವಧಿ ವಿಸ್ತರಿಸಿದರೆ ಸಂಘಕ್ಕೆ ಬಾಕಿ ಬರುವ ಸಂಭವ ಹೆಚ್ಚೋ, ವಿಸ್ತರಿಸದಿದ್ದರೆ ಹೆಚ್ಚೋ. ಆಮೇಲೆ ತರಬೇತಿಯಲ್ಲೇ ಒಬ್ಬರು ಕಾರ್ಯದರ್ಶಿಯಾಗಿ ಇದಿರು ಕೂರಬೇಕು. ರೋಗ ಬಂದ ತೋಟವೆಂದು ದೃಢಪಡಿಸುವವರು ಯಾರು? ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಡವೆ? ಮೇಲಿನ ಬ್ಯಾಂಕಿಗೆ ನಾವು ಕಟ್ಟುವುದು ಹೇಗೆ? ಮೂರು ಸಲ ಈ ಪ್ರಶ್ನೆಗಳಿಗೆ ಉತ್ತರ ಹೇಳಿ ಅಭ್ಯಾಸವಾದವನು ಮಹಾಸಭೆಯಲ್ಲಿ ಕೈ ಎಲ್ಲಿಡಬೇಕೆಂದು ಕೇಳುವುದಿಲ್ಲ. ಅರೆಭಾಷೆಯಲ್ಲೋ ತುಳುವಿನಲ್ಲೋ ಮೊದಲು ಹೇಳಿ ನೋಡಿ, ಆಮೇಲೆ ಕನ್ನಡಕ್ಕೆ ತರಲಿ. ಸಭೆಯೇ ತುಳುವಿನಲ್ಲಿ ಕೇಳಿಕೊಳ್ಳಲು ಸಿದ್ಧವಿದ್ದರೆ ಇನ್ನೂ ಒಳ್ಳೆಯದು.

ಇದು ಹಳ್ಳಿಯ ಸಭೆಗಾಯಿತು, ಬೆಂಗಳೂರಿನ ಕಂಪೆನಿಯಲ್ಲಿ ಸ್ಲೈಡು ಹಾಕಿ ಇಂಗ್ಲಿಷಿನಲ್ಲಿ ವಿವರಿಸಬೇಕಾದ ನಮ್ಮೂರ ಹುಡುಗಿಗೆ ಏನು ಎಂದರೆ, ಹೆಚ್ಚು ಹೇಳಬೇಕಾಗಿಲ್ಲ. ಅವಳನ್ನೂ ಉಳಿಸುವುದು ಸ್ಲೈಡು ಮುಗಿದ ಮೇಲಿನ ಮೊದಲ ಪ್ರಶ್ನೆಗೆ ಸಿದ್ಧವಿರುವ ಉತ್ತರ.

ಮಾತಾಡಲು ಈ ಊರಿನಲ್ಲಿ ಸಂದರ್ಭಗಳಿಗೆ ಬರವಿಲ್ಲ. ಸಹಕಾರಿ ಮುಂದಾಳು ಮೊಳಹಳ್ಳಿ ಶಿವರಾಯರ ಕಾಲದಲ್ಲಿ ಆ ಚಳವಳಿ ಪುತ್ತೂರಿನಲ್ಲಿ ಬೇರೂರಿತು. ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದೂ ಪುತ್ತೂರಿನಲ್ಲೇ. ಅಂದಿನಿಂದ ಇಂದಿನವರೆಗೆ ಸದಸ್ಯರು ಎದ್ದು ಪ್ರಶ್ನೆ ಕೇಳಬಹುದಾದ ಮಹಾಸಭೆ ವರ್ಷಕ್ಕೊಂದು ನಡೆಯುತ್ತಲೇ ಇದೆ. ವಾರ್ಡ್ ಸಭೆ, ಗ್ರಾಮಸಭೆಗಳು ಬೇರೆ. ಬಹಳ ಕಡೆ ಮಹಾಸಭೆಗಳು ವರದಿ ಓದಿ, ಡಿವಿಡೆಂಡು ಘೋಷಿಸಿ, ಊಟಕ್ಕೆ ಎದ್ದುಹೋಗುವ ಸಭೆಗಳಾಗಿವೆ. ತರಬೇತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಶಿಬಿರದಲ್ಲಿ ಹಾವಭಾವದ ಅವಧಿಯನ್ನು ಅರ್ಧಕ್ಕೆ ಇಳಿಸಿ, ಉಳಿದ ಅರ್ಧದಲ್ಲಿ ಆ ಊರಿನ ಸೊಸೈಟಿಯ ವಾರ್ಷಿಕ ವರದಿಯನ್ನೋ ಪಂಚಾಯತಿನ ಕ್ರಿಯಾಯೋಜನೆಯನ್ನೋ ಮೇಜಿನ ಮೇಲೆ ಇಡಿ, ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಶಿಬಿರಕ್ಕೆ ಹೋಗಲು ಪುರುಸೊತ್ತಿಲ್ಲದ ಓದುಗರು ಮಹಾಸಭೆಯ ನೋಟಿಸು ಬಂದ ದಿನವೇ ವರದಿಯನ್ನು ತರಿಸಿಕೊಂಡು ಓದಲಿ, ಖರ್ಚಿನ ಪುಟದಲ್ಲಿ ಅರ್ಥವಾಗದ ಒಂದು ಬಾಬತ್ತಿಗೆ ಗುರುತು ಹಾಕಿಕೊಳ್ಳಲಿ, ಸಭೆಯಲ್ಲಿ ಅದೊಂದನ್ನೇ ಕೇಳಲಿ.